ಎರಡು ಕೂಗಿನ ಕೇಸು

ನಮ್ಮ ದೊಡ್ಡಪ್ಪನಿಗೆ ತಲೆ ಸರಿಯಿಲ್ಲ ಎನ್ನುವವರು ನಮ್ಮ ಬೀದಿಯಲ್ಲಿ ಬೇಕಾದಷ್ಟು ಜನ ಇದ್ದರು. ನಾನು ಮಾತ್ರ ಒಪ್ಪುವುದಿಲ್ಲ. ತಲೆ ಸರಿಯಿಲ್ಲದವರು ಅಷ್ಟು ಅಚ್ಚುಕಟ್ಟಾಗಿ ಇರುತ್ತಾರೆಯೇ? ಚಾಮರಾಜಪೇಟೆಯ ಒಂದು ಹೆಂಚಿನ ಮನೆಯೊಳಗೆ ಮುನ್ಸೀಫ್ ಕೋರ್ಟಿನಿಂದ ಹಿಡಿದು ಸುಪ್ರೀಂ ಕೋರ್ಟಿನವರೆಗೆ ಎಲ್ಲವನ್ನೂ ಸ್ಥಾಪಿಸಿ, ಸರ್ಕಾರದಿಂದ ಒಂದು ಮುರುಕು ಬೆಂಚನ್ನೂ ಕೇಳದೆ ವರ್ಷಗಟ್ಟಲೆ ನಡೆಸಿಕೊಂಡು ಬಂದ ಮಹಾನುಭಾವರು ಅವರು. ದೆಹಲಿಗೆ ಹೋಗದೆ ಸುಪ್ರೀಂ ಕೋರ್ಟನ್ನು ಕಂಡ ಮಕ್ಕಳು ಇಡೀ ಬೆಂಗಳೂರಿನಲ್ಲಿ ನಾನು ಮತ್ತು ನಮ್ಮಣ್ಣ ಇಬ್ಬರೇ ಇರಬೇಕು! ಅದು ನಮ್ಮ ಜಗಲಿಯ ಮೇಲೆ ಬೆತ್ತದ ಕುರ್ಚಿಯಲ್ಲಿ ಕೂತು ನಶ್ಯ ಏರಿಸುತ್ತಿತ್ತು.

ದೊಡ್ಡಪ್ಪ ಊರಿನ ಕೋರ್ಟೊಂದರಲ್ಲಿ ಬೆಂಚ್ ಕ್ಲರ್ಕು. ಜಡ್ಜಿಯ ಮುಂದೆ ಕೂತು ಕಡತ ಎತ್ತಿಕೊಡುವುದು, ಮುಂದಿನ ವಾಯಿದೆ ಬರೆದುಕೊಳ್ಳುವುದು ಅವರ ಕೆಲಸ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ‘ಇನ್ನೂ ಪೆಂಡಿಂಗ್ ಇದೆ’ ಎನ್ನುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾದ ಮೇಲೂ ಅದೇ ಉತ್ತರ. ಆರು ದಿನ ಕೋರ್ಟಿನಲ್ಲಿ ಬೆವರು ಸುರಿಸಿ ಬಂದ ಮನುಷ್ಯ ಭಾನುವಾರವಾದರೂ ಕಾಲು ಚಾಚಿ ಮಲಗಬೇಡವೆ? ಊಹೂಂ! ಭಾನುವಾರ ದೇಶದ ಕೋರ್ಟುಗಳಿಗೆಲ್ಲ ರಜ. ನಮ್ಮ ಮನೆ ಕೋರ್ಟು ಕೂರುತ್ತಿದ್ದುದೇ ಆವತ್ತು, ತಿಂಡಿ ಮುಗಿದ ಮೇಲೆ.

ವ್ಯವಸ್ಥೆಯನ್ನು ವಿವರಿಸಿಬಿಡುತ್ತೇನೆ, ಇಲ್ಲದಿದ್ದರೆ ನೀವು ದಾರಿ ತಪ್ಪಿ ಅಡುಗೆಮನೆಗೆ ಹೋಗಬೇಕಾದ ಅರ್ಜಿಯನ್ನು ಜಗಲಿಗೆ ತಂದುಬಿಟ್ಟೀರಿ. ಅಡುಗೆಮನೆಯ ಬಾಗಿಲು ಮುನ್ಸೀಫ್ ಕೋರ್ಟು, ಅಲ್ಲಿ ನಮ್ಮಮ್ಮ. ಎಲ್ಲ ಜಗಳಗಳೂ ಮೊದಲು ಅಲ್ಲಿಗೇ ಹೋಗಬೇಕು. ಅಮ್ಮ ಸೌಟು ಹಿಡಿದೇ ತೀರ್ಪು ಕೊಡುತ್ತಿದ್ದಳು. ಸಾಕ್ಷಿ ಕೇಳುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. ಅಲ್ಲಿ ಸೋತವರು ನಡುಮನೆಯ ಜಿಲ್ಲಾ ನ್ಯಾಯಾಲಯಕ್ಕೆ ಅಪೀಲು ಹೋಗಬಹುದು. ಅಲ್ಲಿ ನಮ್ಮಪ್ಪ ಪೇಪರಿನ ಹಿಂದೆ ಇರುತ್ತಿದ್ದರು. ‘ತೀರ್ಪು ಕಾಯ್ದಿರಿಸಲಾಗಿದೆ’ ಎಂದರೆ ನಿದ್ದೆ ಬಂದಿದೆ ಎಂದರ್ಥ. ಅದಕ್ಕೂ ಮೇಲೆ ಹೈಕೋರ್ಟು: ದೇವರ ಮನೆಯ ಮುಂದೆ ಹೂ ಕಟ್ಟುತ್ತ ಕೂತ ಅಜ್ಜಿ. ಎಲ್ಲಕ್ಕೂ ಮೇಲೆ ಜಗಲಿಯ ಸುಪ್ರೀಂ ಕೋರ್ಟು, ಅಂದರೆ ತಾತ. ಹೈಸ್ಕೂಲ್ ಹೆಡ್‌ಮಾಸ್ಟರಾಗಿ ರಿಟೈರಾದವರು. ಅವರ ಮಾತಿನ ಮೇಲೆ ಅಪೀಲೇ ಇಲ್ಲ. ಈ ಪದವಿ ಕೊಟ್ಟ ಮೇಲೆ ತಾತ ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಪಂಚೆ ಉಡಲು ಶುರು ಮಾಡಿದರು.

ಇವಲ್ಲದೆ ಒಂದು ವಿಶೇಷ ನ್ಯಾಯಮಂಡಳಿಯೂ ಇತ್ತು, ಬಚ್ಚಲುಮನೆಗೆ. ಹಂಡೆಯ ನೀರು, ಯಾರ ಸ್ನಾನ ಮೊದಲು, ಯಾರು ಎಷ್ಟು ಚೊಂಬು ಜಾಸ್ತಿ ಸುರಿದುಕೊಂಡರು ಇತ್ಯಾದಿ ತಾಂತ್ರಿಕ ವಿಷಯಗಳು ಸಾಮಾನ್ಯ ಕೋರ್ಟುಗಳಿಗೆ ಅರ್ಥವಾಗುವುದಿಲ್ಲ ಎಂದು ದೊಡ್ಡಪ್ಪನ ವಾದ. ಹಂಡೆಗೆ ಉರಿ ಹಾಕುತ್ತಿದ್ದ ನಮ್ಮಣ್ಣನೇ ಅದರ ಅಧ್ಯಕ್ಷ. ಅವನೋ, ಪ್ರತಿ ಸಲವೂ ಮೊದಲ ಬಿಸಿನೀರನ್ನು ತನಗೇ ಮಂಜೂರು ಮಾಡಿಕೊಳ್ಳುತ್ತಿದ್ದ! ನಾನು ಅಮ್ಮನ ಹತ್ತಿರ ದೂರು ಒಯ್ದರೆ ದೊಡ್ಡಪ್ಪ ತಡೆದರು. ಮಂಡಳಿಯ ಮೇಲಿನ ತಕರಾರು ಮುನ್ಸೀಫರ ವ್ಯಾಪ್ತಿಗೆ ಬರುವುದಿಲ್ಲವಂತೆ, ನೇರ ಹೈಕೋರ್ಟಿಗೇ ಹೋಗಬೇಕಂತೆ. ಹೈಕೋರ್ಟು ಹೂ ಕಟ್ಟುವುದನ್ನು ನಿಲ್ಲಿಸದೆ, ‘ಅವನು ಗಂಡುಹುಡುಗ, ಬೇಗ ಮುಗಿಸ್ತಾನೆ, ಹೋಗಲಿ ಬಿಡು’ ಎಂದಿತು. ಆ ತೀರ್ಪಿನ ಬಗ್ಗೆ ನನಗೆ ಇವತ್ತಿಗೂ ಅಸಮಾಧಾನವಿದೆ.

ಚಕ್ಕುಲಿ ಕೇಸಿನಲ್ಲಂತೂ ನನಗಾದದ್ದು ಶುದ್ಧ ಅನ್ಯಾಯ. ಡಬ್ಬಿಯ ಕೊನೆಯ ಚಕ್ಕುಲಿ ತಿಂದವನು ಅಣ್ಣ, ಬೈಸಿಕೊಂಡವಳು ನಾನು. ಮುನ್ಸೀಫ್ ಕೋರ್ಟಿನಲ್ಲಿ ಸೋತೆ. ಜಿಲ್ಲಾ ನ್ಯಾಯಾಲಯ ಎಚ್ಚರವಾದ ಮೇಲೆ ‘ಇನ್ನೊಂದು ಸಲ ವಿಚಾರಿಸಿ ನೋಡಿ’ ಎಂದು ಕೆಳಗೆ ವಾಪಸು ಕಳಿಸಿತು. ಮತ್ತೆ ಸೋತು, ಮತ್ತೆ ಹತ್ತಿ, ಅಂತೂ ಸುಪ್ರೀಂ ಕೋರ್ಟಿನವರೆಗೆ ತಲುಪುವ ಹೊತ್ತಿಗೆ ದೀಪಾವಳಿ ಕಳೆದು ಸಂಕ್ರಾಂತಿ ಬಂದಿತ್ತು. ಆವತ್ತು ನಾನು ಎದುರುಮನೆಯ ಹುಡುಗಿಯರ ಜೊತೆ ಕುಂಟೆಬಿಲ್ಲೆ ಆಡುತ್ತ ಮೈಮರೆತೆ. ದೊಡ್ಡಪ್ಪ ಕೋರ್ಟಿನ ಜವಾನನ ಹಾಗೆ ಗೇಟಿನ ಬಳಿ ನಿಂತು, ಕತ್ತು ಮೇಲೆತ್ತಿ, ನನ್ನ ಹೆಸರನ್ನು ರಾಗವಾಗಿ ಮೂರು ಸಲ ಕೂಗಿದರು. ನಾನು ಓಡಿಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ಮೂರು ಸಲ ಕೂಗಿದ್ದಾಯ್ತು. ಗೈರುಹಾಜರಿ. ಕೇಸು ವಜಾ” ಎಂದರು ದೊಡ್ಡಪ್ಪ.

ನಾನು ಅತ್ತೆ, ಕಾಲು ಅಪ್ಪಳಿಸಿದೆ. ಕೋರ್ಟಿನಲ್ಲಿ ಇರುವುದೇ ಹಾಗೆ ಎಂದು ಸಮಾಧಾನ ಮಾಡಿದರು. ಮೂರನೆಯ ಕೂಗಿಗೂ ಓಗೊಡದವರಿಗೆ ಆ ಕೇಸು ಬೇಡವಾಗಿದೆ ಎಂದು ಲೆಕ್ಕವಂತೆ. ಆಮೇಲೆ ಗುಟ್ಟಾಗಿ ಮೂಲೆಯಂಗಡಿಗೆ ಕರೆದೊಯ್ದು ಕಡಲೆಮಿಠಾಯಿ ಕೊಡಿಸಿದರು. ಅದು ತೀರ್ಪಿನ ಭಾಗವಲ್ಲವೆಂದು ಒತ್ತಿ ಹೇಳಿದರು.

ಇಷ್ಟೊಂದು ಕಟ್ಟುನಿಟ್ಟಿನ ಮನುಷ್ಯ ಪ್ರತಿ ಭಾನುವಾರ ಒಂದು ಕೇಸಿನಲ್ಲಿ ಮಾತ್ರ ಲೆಕ್ಕ ತಪ್ಪುತ್ತಿದ್ದರು. ಅದು ಆವತ್ತಿನ ಮೊದಲ ಕೇಸು, ಯಾವಾಗಲೂ ಅದೇ ಮೊದಲು. ಗೇಟಿನ ಬಳಿ ಹೋಗಿ, ಬೀದಿಯ ಕಡೆ ತಿರುಗಿ, “ವಿಶಾಲಾಕ್ಷೀ... ವಿಶಾಲಾಕ್ಷೀ...” ಎಂದು ಕೂಗುವರು. ಎರಡೇ ಸಲ. ಮೂರನೆಯದಕ್ಕೆ ಬಾಯಿ ತೆರೆದವರಂತೆ ಕಂಡು, ಮುಚ್ಚಿಕೊಂಡು, ‘ಮುಂದಿನ ವಾರಕ್ಕೆ’ ಎಂದು ತಮಗೆ ತಾವೇ ಹೇಳಿಕೊಂಡು ಒಳಗೆ ಬರುವರು. ಬೀದಿಯ ಹೊಸ ಬಾಡಿಗೆದಾರರು ಆರಂಭದಲ್ಲಿ ಕಿಟಕಿಯಿಂದ ಇಣುಕುತ್ತಿದ್ದರು. ಹಳಬರು ತಲೆ ಅಲ್ಲಾಡಿಸಿ ಸುಮ್ಮನಾಗುತ್ತಿದ್ದರು. ವಯಸ್ಸಾಯಿತಲ್ಲ, ದೊಡ್ಡಪ್ಪನಿಗೆ ದಮ್ಮು ಸಾಲುವುದಿಲ್ಲ ಎಂದು ಅಣ್ಣ ತೀರ್ಮಾನಿಸಿದ್ದ.

ಆ ಹೆಸರು ಕಿವಿಗೆ ಬಿದ್ದ ಕೂಡಲೇ ಸುಪ್ರೀಂ ಕೋರ್ಟು ಕುರ್ಚಿಯಿಂದ ಎದ್ದು, ನಶ್ಯದ ಡಬ್ಬಿ ತೆಗೆದುಕೊಂಡು, ಒಳಗೆ ಹೋಗಿಬಿಡುತ್ತಿತ್ತು.

ವಿಶಾಲಾಕ್ಷಿ ನಮ್ಮ ಅತ್ತೆ, ದೊಡ್ಡಪ್ಪನಿಗೂ ಅಪ್ಪನಿಗೂ ಒಬ್ಬಳೇ ತಂಗಿ. ಗಾಂಧಿಬಜಾರಿನ ಹತ್ತಿರ ಟೈಪಿಂಗ್ ಕಲಿಯಲು ಹೋಗುತ್ತಿದ್ದವಳು ಒಂದು ದಿನ ಬೇರೆ ಜಾತಿಯ ಹುಡುಗನನ್ನು ರಿಜಿಸ್ಟರ್ ಮದುವೆಯಾಗಿ, ಹಾರ ಹಾಕಿಕೊಂಡೇ ಮನೆಗೆ ಬಂದಳು. ನಾನಾಗ ಬಹಳ ಚಿಕ್ಕವಳು. ನೆನಪಿರುವುದು ಆ ಹಾರದ ಸುಗಂಧರಾಜದ ವಾಸನೆ ಮಾತ್ರ. ತಾತ ಬಾಗಿಲಲ್ಲಿ ನಿಂತು, ಇನ್ನು ಈ ಹೊಸ್ತಿಲು ತುಳಿಯಬೇಡ ಎಂದರು. ಅಷ್ಟೇ. ಯಾರನ್ನೂ ಕೇಳಲಿಲ್ಲ, ಅವಳಿಗೂ ಮಾತಾಡಲು ಬಿಡಲಿಲ್ಲ. ಅತ್ತೆಯೂ ಅದೇ ತಂದೆಯ ಮಗಳು. ‘ನೀವಾಗಿ ಕರೆಯುವ ತನಕ ಬರಲ್ಲ’ ಎಂದು ಹೇಳಿ ತಿರುಗಿ ನೋಡದೆ ಹೊರಟುಹೋದಳಂತೆ. ಹಜಾರದಲ್ಲಿ, ಆಗಷ್ಟೇ ಕೋರ್ಟಿನಿಂದ ಬಂದ ದೊಡ್ಡಪ್ಪ, ಕೈಯಲ್ಲಿ ಊಟದ ಡಬ್ಬಿ ಹಿಡಿದುಕೊಂಡು ನಿಂತೇ ಇದ್ದರಂತೆ. ಇದನ್ನು ನನಗೆ ಹೇಳಿದವಳು ಅಮ್ಮ.

ಮನೆಯಲ್ಲಿ ಕೋರ್ಟು ಶುರುವಾದದ್ದು ಅದಾದ ಮುಂದಿನ ತಿಂಗಳು.

ಇಷ್ಟೊಂದು ಕೋರ್ಟು ಯಾಕೆ ಬೇಕು, ತಾತ ಒಬ್ಬರೇ ಸಾಲದೆ ಎಂದು ಒಮ್ಮೆ ನಾನೇ ಕೇಳಿದ್ದೆ. ದೊಡ್ಡಪ್ಪ ಕನ್ನಡಕ ಒರೆಸಿಕೊಂಡರು. ತಮಾಷೆಯ ಉತ್ತರ ಬರುತ್ತದೆಂದು ಕಾದೆ.

“ಒಬ್ಬ ಮನುಷ್ಯ ಒಂದು ಸಿಟ್ಟಲ್ಲಿ ಒಂದು ಮಾತು ಆಡ್ಬಿಡ್ತಾನೆ ಪುಟ್ಟಿ. ಅಷ್ಟಕ್ಕೇ ಇನ್ನೊಬ್ಬರ ಬದುಕು ಮುಗಿದುಹೋಗ್ಬಾರ್ದು. ಅದಕ್ಕೇ ಮೇಲೊಂದು ಇಡ್ತಾರೆ, ಅದರ ಮೇಲೆ ಇನ್ನೊಂದು. ಹತ್ತಿ ಹೋಗೋಷ್ಟರಲ್ಲಿ ಸಿಟ್ಟು ಇಳಿದಿರತ್ತೆ.”

ತಾತ ಆವತ್ತು ಆಡಿದ್ದು ತೀರ್ಪೇ ಅಲ್ಲ ಎಂಬುದು ದೊಡ್ಡಪ್ಪನ ವಾದ. ಆಗ ಮನೆಯಲ್ಲಿ ಕೋರ್ಟೇ ಇರಲಿಲ್ಲವಲ್ಲ! ಅದು ಬರೀ ಕೋಪ. ತೀರ್ಪಿಗೆ ಅಪೀಲುಂಟು, ಕೋಪಕ್ಕೆ ಎಲ್ಲಿಯ ಅಪೀಲು? ಆದ್ದರಿಂದ ಅತ್ತೆಯ ಕೇಸನ್ನು ಮೊದಲಿನಿಂದ, ಅಡುಗೆಮನೆಯ ಬಾಗಿಲಿನಿಂದ, ಕ್ರಮವಾಗಿ ಹತ್ತಿಸಿಕೊಂಡು ಬರಬೇಕು ಎಂದು ನಿರ್ಧರಿಸಿದ್ದರು. ಅಮ್ಮ ಒಗ್ಗರಣೆ ಸಿಡಿಯುವಷ್ಟರಲ್ಲಿ ‘ಬರಲಿ ಪಾಪ’ ಎಂದು ತೀರ್ಪು ಕೊಟ್ಟಳು. ಅಪ್ಪ ಒಂದು ವರ್ಷಕ್ಕೂ ಹೆಚ್ಚು ಕಾಲ ಪೇಪರು ಕೆಳಗಿಳಿಸಲಿಲ್ಲ. ಕೊನೆಗೆ ಒಂದು ಗೌರಿಹಬ್ಬದ ಮರುದಿನ, ತಂಗಿಗೆ ಬಾಗಿನ ಕೊಡದ ಹಬ್ಬ ಎಂಥ ಹಬ್ಬ ಎಂದು ಗೊಣಗಿ, ಕೆಳಗಿನ ಕೋರ್ಟಿನ ತೀರ್ಪನ್ನು ಎತ್ತಿಹಿಡಿದರು. ಹೈಕೋರ್ಟಿಗೆ ಓದಿ ಹೇಳಬೇಕಾದ್ದೇ ಇರಲಿಲ್ಲ. ಅಜ್ಜಿ ಕಟ್ಟುತ್ತಿದ್ದ ಮಾಲೆ ಕೈಯಲ್ಲೇ ಉಳಿಯಿತು, ಕಣ್ಣೀರು ಸುರಿಯಿತು, ಅದನ್ನೇ ತೀರ್ಪೆಂದು ಬರೆದುಕೊಂಡಾಯಿತು. ಅಲ್ಲಿಂದ ಮೇಲೆ ಕೇಸು ಜಗಲಿಗೆ ಬಂತು. ಜಗಲಿಗೆ ಬಂದದ್ದು ಅಲ್ಲೇ ನಿಂತಿತು. ಹೆಸರು ಕೂಗಿದೊಡನೆ ಪೀಠವೇ ಎದ್ದು ಒಳಗೆ ಹೋದರೆ ವಿಚಾರಣೆ ಮಾಡುವವರು ಯಾರು?

ಹೀಗೆ ಎಷ್ಟು ಗೌರಿಹಬ್ಬಗಳು ಕಳೆದವೋ. ನಾನು ಲಂಗ ಬಿಟ್ಟು ದಾವಣಿ ಹಾಕಿದೆ, ಅಣ್ಣ ಮೀಸೆ ಬಿಟ್ಟ, ಬಚ್ಚಲಿನ ನ್ಯಾಯಮಂಡಳಿ ಬಾಯ್ಲರ್ ಬಂದ ಮೇಲೆ ರದ್ದಾಯಿತು. ವಿಶಾಲಾಕ್ಷಿ ಎಂಬ ಆ ಎರಡು ಕೂಗು ಮಾತ್ರ ತಪ್ಪಲಿಲ್ಲ. ಹಬ್ಬದ ದಿನ ಎಲೆ ಹಾಕುವಾಗ ಅಜ್ಜಿ ಒಂದು ಎಲೆ ಜಾಸ್ತಿ ಒರೆಸಿಟ್ಟು, ಆಮೇಲೆ ಯಾರಿಗೂ ಕಾಣದ ಹಾಗೆ ಎತ್ತಿಡುತ್ತಿದ್ದಳು. ಬಾಯಿಬಿಟ್ಟು ಹೇಳದಿದ್ದರೂ ಆ ಮನೆಯಲ್ಲಿ ಎಲ್ಲರೂ ಒಬ್ಬಳಿಗಾಗಿ ಹಂಬಲಿಸುತ್ತಿದ್ದರು, ಜಗಲಿಯಿಂದ ಎದ್ದು ಹೋಗುತ್ತಿದ್ದವರೂ ಸೇರಿ. ಹಾಗಲ್ಲದಿದ್ದರೆ ಆ ಮುದುಕರು ಕೂಗಿಗೆ ಮೊದಲೇ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಪಂಚೆಯುಟ್ಟು ಯಾಕೆ ಕಾಯಬೇಕಿತ್ತು? ಅಷ್ಟು ಬುದ್ಧಿ ನನಗೆ ಆಗ ಇರಲಿಲ್ಲ.

ದೊಡ್ಡಪ್ಪನ ಇನ್ನೊಂದು ಹುಚ್ಚನ್ನು ಹೇಳಲೇಬೇಕು. ಕೊತ್ತಂಬರಿ ಸೊಪ್ಪಿನ ಹುಚ್ಚು. ಕಲಾಸಿಪಾಳ್ಯದ ತರಕಾರಿ ಮಂಡಿ ನಮಗೆ ಕೂಗಳತೆ. ಊರಿಗೆಲ್ಲ ಸೊಪ್ಪು ಹೋಗುವುದೇ ಅಲ್ಲಿಂದ. ಇವರು ಪ್ರತಿ ಶನಿವಾರ ಸಂಜೆ ಕೈಚೀಲ ಹಿಡಿದು, ಎರಡು ಬಸ್ಸು ಬದಲಿಸಿ, ಮಲ್ಲೇಶ್ವರದ ಸಂಪಿಗೆ ರಸ್ತೆಗೆ ಹೋಗಿ ಒಂದು ಕಟ್ಟು ಕೊತ್ತಂಬರಿ ತರುತ್ತಿದ್ದರು! ಮನೆಗೆ ಬರುವಷ್ಟರಲ್ಲಿ ಅದು ಬಾಡಿ ಬಸವಳಿದಿರುತ್ತಿತ್ತು. ಅಮ್ಮ ಅದನ್ನು ಎತ್ತಿ ಹಿಡಿದು, ಈ ಸೊಪ್ಪು ಬಸ್ಸಿನಲ್ಲಿ ನಿಂತುಕೊಂಡು ಬಂತೆ ಎಂದು ಕೇಳುತ್ತಿದ್ದಳು. ಸಂಪಿಗೆ ರಸ್ತೆಯ ಸೊಪ್ಪಿನ ಘಮವೇ ಬೇರೆ ಎಂದು ದೊಡ್ಡಪ್ಪ ಸಾಧಿಸುತ್ತಿದ್ದರು. ಅವರ ಹುಚ್ಚಿಗೆ ಇದೂ ಒಂದು ಸಾಕ್ಷಿ ಎಂದು ನಾವು ನಗುತ್ತಿದ್ದೆವು.

ನಾನು ಪಿಯುಸಿ ಓದುತ್ತಿದ್ದಾಗ ಒಂದು ಶುಕ್ರವಾರ ದೊಡ್ಡಪ್ಪನಿಗೆ ಜ್ವರ ಬಂತು. ಶನಿವಾರ ಸೊಪ್ಪು ಬರಲಿಲ್ಲ. ಭಾನುವಾರ ತಿಂಡಿಯಾದ ಮೇಲೂ ಅವರು ಕಂಬಳಿ ಹೊದ್ದು ಮಲಗಿಯೇ ಇದ್ದರು. ತಾತ ಎಂದಿನಂತೆ ಜಗಲಿಗೆ ಬಂದು ಕೂತರು. ನಶ್ಯದ ಡಬ್ಬಿ ತೆಗೆದರು, ಮುಚ್ಚಿದರು. ಗೇಟಿನ ಕಡೆ ನೋಡಿದರು. ನಾನು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ.

“ಇವತ್ತು ಕೂಗಲ್ವೇನೇ ನಿಮ್ಮ ದೊಡ್ಡಪ್ಪ?” ಎಂದರು ತಾತ.

ಜ್ವರ ಇಳಿದಿಲ್ಲ, ಏಳಲು ಆಗುತ್ತಿಲ್ಲ ಎಂದೆ. ರಸ್ತೆಯಲ್ಲಿ ಪಾತ್ರೆ ಕಲಾಯಿಯವನು ಕೂಗಿಕೊಂಡು ಹೋದ. ಎದುರುಮನೆಯ ರೇಡಿಯೋದಲ್ಲಿ ವಾರ್ತೆ ಮುಗಿದು ಹಾಡು ಶುರುವಾಯಿತು. ತಾತನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ವರ್ಷಗಟ್ಟಲೆ ಕೇಳಲಾರೆನೆಂದು ಎದ್ದುಹೋದ ಹೆಸರು ಒಂದು ದಿನ ಕೇಳಿಸದೆ ಹೋದದ್ದಕ್ಕೆ ಆ ಮುದುಕರು ನೀರಿಂದ ತೆಗೆದ ಮೀನಿನಂತಾಗಿದ್ದರು.

ಆಮೇಲೆ ಅವರೇ ಎದ್ದರು. ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು, ಗೇಟಿನ ಬಳಿ ಹೋಗಿ ನಿಂತರು. “ವಿಶಾಲಾಕ್ಷೀ...” ಎಂದರು. ಒಂದು ಕಾಲದಲ್ಲಿ ಇಡೀ ಶಾಲೆಯ ಮೈದಾನವನ್ನು ನಡುಗಿಸಿದ ಗಂಟಲು, ಎದುರುಮನೆಯವರೆಗೂ ಹೋಗಲಿಲ್ಲ. ಗಂಟಲು ಸರಿಮಾಡಿಕೊಂಡು ಮತ್ತೊಮ್ಮೆ ಕೂಗಿದರು. ಅವರೆಕಾಯಿಯ ಮೊರ ನನ್ನ ತೊಡೆಯ ಮೇಲೇ ಇತ್ತು, ಕೈ ಆಡಲಿಲ್ಲ. ಮೂರನೆಯ ಸಲಕ್ಕೆ ಅವರು ಉಸಿರೆಳೆದುಕೊಂಡಾಗ ಒಳಗಿನಿಂದ ದಡಬಡ ಸದ್ದು. ದೊಡ್ಡಪ್ಪ ಕಂಬಳಿ ಸಮೇತ, ಬಾಗಿಲಿಗೆ ಭುಜ ಹೊಡೆದುಕೊಂಡು ಓಡಿಬಂದರು.

“ಅಪ್ಪಾ, ಬೇಡಿ. ಮೂರನೇದು ಕೂಗ್ಬೇಡಿ.”

ತಾತ ತಿರುಗಿ ನೋಡಿದರು.

“ಮೂರು ಸಲ ಕೂಗಿದ್ರೂ ಅವಳು ಬರಲಿಲ್ಲ ಅಂದ್ರೆ ವಜಾ ಆಗ್ಹೋಗತ್ತೆ ಅಪ್ಪಾ. ಎರಡು ಕೂಗಿದ್ರೆ ಇನ್ನೂ ಇರತ್ತೆ.”

ಅಲ್ಲಿಯವರೆಗೆ ನಾವೆಲ್ಲ ನಗುತ್ತಿದ್ದ ಆ ತಪ್ಪು ಲೆಕ್ಕ ಏನೆಂದು ಆಗ ತಿಳಿಯಿತು. ತಾತ ಬಹಳ ಹೊತ್ತು ಮಗನನ್ನೇ ನೋಡಿದರು. ಅವಳು ಎಲ್ಲಿದ್ದಾಳೆ ಎಂದು ಕೇಳಿದರು. ಮತ್ತಿಕೆರೆಯಲ್ಲಿ ಎಂದರು ದೊಡ್ಡಪ್ಪ.

“ಅಲ್ಲಯ್ಯಾ, ಮತ್ತಿಕೆರೇಲಿ ಇರೋಳಿಗೆ ಚಾಮರಾಜಪೇಟೇಲಿ ನಿಂತು ಕೂಗಿದ್ರೆ ಹೇಗೋ ಕೇಳ್ಸತ್ತೆ?”

ದೇಶದ ಯಾವ ಕಾನೂನು ಪುಸ್ತಕದಲ್ಲೂ ಇಂಥ ಮಾತು ಇರಲಾರದು! ತಾತ ಒಳಗೆ ಹೋಗಿ ಕರಿ ಕೋಟು ತೊಟ್ಟು, ಜರಿ ಪೇಟ ಇಟ್ಟುಕೊಂಡು ಬಂದರು. ಅಪ್ಪ ಪೇಪರು ಬಿಸಾಕಿ ಆಟೋ ತರಲು ಓಡಿದರು. ಹೈಕೋರ್ಟು ತೀರ್ಪಿಗೂ ಕಾಯದೆ ಹೋಳಿಗೆಗೆ ಬೇಳೆ ಬೇಯಲು ಇಟ್ಟಿತು. ದೊಡ್ಡಪ್ಪ ಮತ್ತೆ ಹಾಸಿಗೆ ಸೇರಿ, ಮಲಗಿದ್ದಲ್ಲಿಂದಲೇ ನನಗೆ ವಿಳಾಸ ಹೇಳಿ, ಗಿರಣಿಯ ಪಕ್ಕದ ಓಣಿ, ನೀಲಿ ಬಾಗಿಲು ಎಂದು ಎರಡೆರಡು ಸಲ ಬಾಯಿಪಾಠ ಮಾಡಿಸಿದರು. ಹೀಗೆ ಸುಪ್ರೀಂ ಕೋರ್ಟು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಂಚಾರಿ ಪೀಠವಾಗಿ ಹೊರಟಿತು. ದಾರಿಯುದ್ದಕ್ಕೂ ತಾತ ಪೇಟವನ್ನು ತೆಗೆದು ತೊಡೆಯ ಮೇಲಿಟ್ಟುಕೊಳ್ಳುವುದು, ಮತ್ತೆ ತಲೆಗೆ ಇಟ್ಟುಕೊಳ್ಳುವುದು, ಇದನ್ನೇ ಮಾಡುತ್ತಿದ್ದರು.

ಅದೊಂದು ವಠಾರ. ನಲ್ಲಿಯ ಹತ್ತಿರ ಕೊಡಗಳ ಸಾಲು. ನೀಲಿ ಬಾಗಿಲು ತೆರೆದೇ ಇತ್ತು, ಪರದೆ ಇಳಿಬಿಟ್ಟಿತ್ತು, ಒಳಗೆ ರುಬ್ಬುವ ಕಲ್ಲಿನ ಗಡಗಡ. ತಾತ ಬಾಗಿಲು ತಟ್ಟಲಿಲ್ಲ. ಅಂಗಳದಲ್ಲಿ ನೆಟ್ಟಗೆ ನಿಂತರು. ಹಿಂದಕ್ಕೆ ಹೋಗೋಣ ಎನ್ನುತ್ತಾರೇನೋ ಎಂದು ನನಗೆ ದಿಗಿಲಾಯಿತು. ಆಮೇಲೆ ಕೂಗಿದರು, ಮೂರನೆಯ ಕೂಗು. ವಿಶಾಲಾಕ್ಷಿ ಎನ್ನಲಿಲ್ಲ.

“ವಿಶಾಲೂ...”

ರುಬ್ಬುವ ಕಲ್ಲು ನಿಂತಿತು.

“ಬಂದೆ ಅಪ್ಪಾ” ಎಂದಿತು ಒಳಗಿನ ಧ್ವನಿ, ನಮ್ಮದೇ ಮನೆಯ ಅಡುಗೆಮನೆಯಲ್ಲಿ ಇಷ್ಟು ದಿನವೂ ರುಬ್ಬುತ್ತ ಕೂತಿದ್ದಂತೆ.

ಮೊಣಕೈವರೆಗೆ ಹಿಟ್ಟು ಮೆತ್ತಿದ ಕೈಯಲ್ಲೇ ಪರದೆ ಸರಿಸಿ ಬಂದಳು. ಕಿವಿಯ ಹತ್ತಿರ ಕೂದಲು ನರೆತಿತ್ತು. ತಂದೆಯನ್ನು ನೋಡಿದಳು, ಅವರ ಹಿಂದೆ ನೋಡಿದಳು, ಬೀದಿಯ ತುದಿಯವರೆಗೂ ನೋಡಿದಳು.

“ಅಣ್ಣ ಎಲ್ಲಿ? ನಿನ್ನೆ ಸಂಪಿಗೆ ರಸ್ತೆಗೆ ಕೊತ್ತಂಬರಿಗೆ ಬರ್ಲಿಲ್ಲ. ಪ್ರತಿ ಶನಿವಾರ ಬಂದು, ನಾಳೆ ಕೂಗ್ತೀನಿ ವಿಶಾಲು, ಕೇಸು ಇನ್ನೂ ಇದೆ ಅಂತ ಹೇಳಿ ಹೋಗ್ತಿದ್ದ. ನಿನ್ನೆ ಬರ್ಲಿಲ್ಲ. ವಜಾ ಆಯ್ತೇನೋ ಅಂದ್ಕೊಂಡೆ.”

“ವಜಾ ಆಗಿಲ್ಲ” ಎಂದರು ತಾತ. “ಅವನಿಗೆ ಜ್ವರ. ಬಂದು ನೋಡು.” ಪರದೆಯ ಹಿಂದೆ ಬನಿಯನ್ನಿನಲ್ಲಿ ಸಂಕೋಚದಿಂದ ನಿಂತಿದ್ದ ಮಾವನ ಕಡೆ ತಿರುಗಿದರು. ಪೇಟ ಸರಿಮಾಡಿಕೊಂಡರು.

“ನೀವೂ ಬನ್ನಿ” ಎಂದರು.

ಆ ‘ನೀವೂ ಬನ್ನಿ’ಯೇ ನಮ್ಮ ಮನೆಯ ಸುಪ್ರೀಂ ಕೋರ್ಟು ಕೊಟ್ಟ ಕೊನೆಯ ತೀರ್ಪು. ಆವತ್ತು ಅಜ್ಜಿ ಒರೆಸಿಟ್ಟ ಎಲೆಯನ್ನು ಎತ್ತಿಡಬೇಕಾಗಲಿಲ್ಲ, ಇನ್ನೊಂದನ್ನು ಹುಡುಕಬೇಕಾಯಿತು. ದೊಡ್ಡಪ್ಪ ಕಂಬಳಿಯೊಳಗಿನಿಂದ ಮುಖ ಹೊರಗೆ ಹಾಕಿ, ತಂಗಿಯನ್ನು ನೋಡಿ, ಏನು ಹೇಳಿದರು ಗೊತ್ತೆ? ಬರುವಾಗ ಕೊತ್ತಂಬರಿ ತಂದೆಯಾ ಎಂದು ಕೇಳಿದರು! ಅತ್ತೆ ಅವರ ಹಣೆಯ ಮೇಲೆ ಕೈಯಿಟ್ಟು ಎಷ್ಟೋ ಹೊತ್ತು ಅಳುತ್ತ ಕೂತಿದ್ದಳು. ಆಮೇಲಿನ ಭಾನುವಾರಗಳಲ್ಲಿ ಕೋರ್ಟು ಕೂರಲಿಲ್ಲ. ಯಾಕೆಂದು ನಾವು ಕೆಣಕಿದರೆ, ಕೇಸುಗಳೇ ಇಲ್ಲವಲ್ಲ, ಬಾಗಿಲು ಹಾಕಿದ್ದೇವೆ ಎನ್ನುತ್ತಿದ್ದರು ದೊಡ್ಡಪ್ಪ.

ಈಗ ಆ ಪೀಠಗಳು ಯಾವುವೂ ಇಲ್ಲ. ಮೊದಲು ತಾತ ಹೋದರು, ಹಿಂದೆಯೇ ಅಜ್ಜಿ. ಒಂದು ಚಳಿಗಾಲದಲ್ಲಿ ದೊಡ್ಡಪ್ಪನೂ ಹೋದರು, ಪೆಂಡಿಂಗ್ ಇದ್ದ ಮದುವೆಯನ್ನು ಹಾಗೆಯೇ ಬಿಟ್ಟು. ಹೆಂಚಿನ ಮನೆ ಇದ್ದ ಜಾಗದಲ್ಲಿ ಬೇರೆಯವರ ಮೂರಂತಸ್ತಿನ ಕಟ್ಟಡ ಎದ್ದಿದೆ. ಹಳೆಯ ಗೇಟಿನ ಒಂದು ಕಲ್ಲುಕಂಬ ಮಾತ್ರ ಯಾಕೋ ಉಳಿದುಕೊಂಡಿದೆ. ಭಾನುವಾರ ಆ ಕಡೆ ಹೋದಾಗ ಅದರ ಪಕ್ಕದಲ್ಲಿ ನಿಂತು, ಯಾರಿಗೂ ಕೇಳಿಸದ ಹಾಗೆ, ‘ದೊಡ್ಡಪ್ಪಾ... ದೊಡ್ಡಪ್ಪಾ...’ ಎಂದು ಕರೆಯುತ್ತೇನೆ. ನನ್ನನ್ನೂ ಆ ಬೀದಿಯವರು ತಲೆ ಸರಿಯಿಲ್ಲದವಳು ಎಂದುಕೊಂಡಿರಬಹುದು, ಎಂದುಕೊಳ್ಳಲಿ.

ಎರಡು ಸಲ ಕರೆದು ಮನೆಗೆ ಬಂದುಬಿಡುತ್ತೇನೆ. ಮೂರನೆಯದನ್ನು ಕೂಗುವುದಿಲ್ಲ.